ಎಲ್ಲಿ ನಿಂತು ಕರೆದ ಹೆಸರು

ಸ್ಕಾಟ್ಲೆಂಡಿನ ನಕಾಶೆಯನ್ನು ಗೋಡೆಗೆ ತೂಗುಹಾಕಿ ನೋಡಿದರೆ ಅದರ ನೆತ್ತಿಯಲ್ಲಿ, ಇನ್ನೇನು ಸಮುದ್ರ ಶುರುವಾಗುತ್ತದೆ ಎನ್ನುವಲ್ಲಿ, ಸದರ್‌ಲೆಂಡ್ ಎಂಬ ಸೀಮೆ ಕಾಣುತ್ತದೆ. ಆ ಹೆಸರಿನ ಅರ್ಥ ‘ತೆಂಕಣ ನಾಡು’. ಉತ್ತರದ ತುದಿಯಲ್ಲಿರುವ ಜಾಗಕ್ಕೆ ದಕ್ಷಿಣದ ನಾಡು ಎಂದು ಹೆಸರಿಟ್ಟವರು ಯಾರು? ಅವರಿಗೆ ದಿಕ್ಕು ಗೊತ್ತಿರಲಿಲ್ಲವೇ?

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟೊಂದರ ಸಲುವಾಗಿ ಪುಣೆಯಿಂದ ಎಡಿನ್‌ಬರೋಗೆ ಹೋಗಿ ಹತ್ತು ತಿಂಗಳು ಇದ್ದೆ. ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದವನು ಪಶ್ಚಿಮ ಕಡಲಿನ ಲೂಯಿಸ್ ದ್ವೀಪದವನು. ಅವನ ಮನೆಮಾತು ಗೇಲಿಕ್. ಒಂದು ದಿನ ಊಟದ ಹೊತ್ತಿನಲ್ಲಿ ಅವನಿಗೆ ಈ ಪ್ರಶ್ನೆ ಕೇಳಿದೆ. ಅವನು ಫೋನಿನ ಮ್ಯಾಪನ್ನು ಇನ್ನಷ್ಟು ಉತ್ತರಕ್ಕೆ ಸರಿಸಿ, ಕಡಲಿನಾಚೆಯ ಆರ್ಕ್ನಿ ದ್ವೀಪಗಳ ಮೇಲೆ ಬೆರಳಿಟ್ಟು, “ಇಲ್ಲಿ ನಿಂತು ನೋಡು” ಅಂದ. ಅಷ್ಟೇ ಅವನ ಉತ್ತರ.

ಎಂಟನೆಯ ಶತಮಾನದ ಕೊನೆಯಿಂದ ನಾರ್ವೆಯ ಕಡಲಿಗರು, ನಾವು ವೈಕಿಂಗರು ಎಂದು ಕರೆಯುವ ಜನ, ಹಡಗುಗಳಲ್ಲಿ ಈ ಕಡೆ ಬರತೊಡಗಿದರು. ಮೊದಮೊದಲು ಸುಲಿಗೆಗೆ ಬಂದರು, ಆಮೇಲೆ ಒಕ್ಕಲುತನಕ್ಕೆ ನಿಂತರು. ಶೆಟ್ಲೆಂಡ್ ಮತ್ತು ಆರ್ಕ್ನಿ ದ್ವೀಪಗಳು ಅವರ ನೆಲೆಯಾದವು. 1468–69ರಲ್ಲಿ ಡೆನ್ಮಾರ್ಕ್-ನಾರ್ವೆಯ ದೊರೆ ತನ್ನ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ದೊರೆಗೆ ಮದುವೆ ಮಾಡಿಕೊಡುವಾಗ ವರದಕ್ಷಿಣೆಯ ಹಣಕ್ಕೆ ಈ ದ್ವೀಪಗಳನ್ನು ಒತ್ತೆಯಿಟ್ಟ, ಬಿಡಿಸಿಕೊಳ್ಳಲಾಗಲಿಲ್ಲ. ಅಲ್ಲಿಯವರೆಗೆ ಅವು ಸ್ಕಾಟ್ಲೆಂಡಿಗೆ ಸೇರಿದವೇ ಅಲ್ಲ. ಆರ್ಕ್ನಿಯ ದಂಡೆಯಲ್ಲಿ ಬಲೆ ಒಣಗಿಸುತ್ತ ನಿಂತವನಿಗೆ ನೀರಿನಾಚೆ ಕಾಣುವ ನೆಲವೆಲ್ಲ ತೆಂಕಲೇ. ಇದೇ ಸೀಮೆಯನ್ನು ಗೇಲಿಕ್ ಮಾತಿನವರು ದಕ್ಷಿಣ ಎಂದು ಯಾವತ್ತೂ ಕರೆದಿಲ್ಲ. ಅವರಿಗೆ ಅದು ‘ಕಾತಿವ್’, ಬೆಕ್ಕಿನ ಹೆಸರಿನ ಹಳೆಯ ಕುಲವೊಂದರ ನಾಡು.

ಆ ಮಧ್ಯಾಹ್ನದಿಂದ ಒಂದು ವಿಚಾರ ತಲೆಯಲ್ಲಿ ಕೂತುಬಿಟ್ಟಿತು. ಊರಿನ ಹೆಸರಿಗೆ ಅರ್ಥ ಕೇಳಿದರೆ ಸಾಲದು. ಹೆಸರಿಟ್ಟವನು ಎಲ್ಲಿ ನಿಂತಿದ್ದ, ಅಲ್ಲಿ ಅವನಿಗೇನು ಕೆಲಸವಿತ್ತು ಎನ್ನುವುದನ್ನೂ ಕೇಳಬೇಕು. ಉಳಿದ ತಿಂಗಳುಗಳ ಶನಿವಾರ-ಭಾನುವಾರಗಳು ಇದಕ್ಕೇ ಖರ್ಚಾದವು. 1:50,000 ಪ್ರಮಾಣದ, ಗುಲಾಬಿ ಹೊದಿಕೆಯ ಸರಕಾರಿ ಮ್ಯಾಪುಗಳನ್ನು ಕೊಂಡು, ರೈಲು ಹತ್ತಿ, ಇಳಿದು ನಡೆಯುತ್ತಿದ್ದೆ.

ಸ್ಕಾಟ್ಲೆಂಡಿನ ಹಳ್ಳಿಗಾಡಿನ ಹೆಸರುಗಳು ಒಂದೇ ಭಾಷೆಯವಲ್ಲ. ಕೆರೆಯ ತಳದ ಹೂಳಿನ ಹಾಗೆ ಅವು ಪದರ ಪದರವಾಗಿ ಕೂತಿವೆ. ಎಲ್ಲಕ್ಕಿಂತ ಕೆಳಗಿನ ಪದರ ನದಿಗಳದು. ಜನ ಬದಲಾದರೂ ಭಾಷೆ ಬದಲಾದರೂ ನದಿಯ ಹೆಸರು ಸುಲಭಕ್ಕೆ ಬದಲಾಗುವುದಿಲ್ಲ. ಹೊಸದಾಗಿ ಬಂದವರು ದಡದಲ್ಲಿದ್ದವರನ್ನು ಕೇಳಿ ಅದೇ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಳ್ಳುತ್ತಾರೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕೂತು ಜಗತ್ತಿನ ಭೂಗೋಳ ಬರೆದ ಟಾಲೆಮಿ ಈ ದೂರದ ನಾಡಿನ ಕೆಲವು ನದಿಗಳನ್ನೂ ಹೆಸರಿಸಿದ್ದಾನೆ. ಅವನ ‘ತಾವಾ’ ಇಂದಿನ ಟೇ, ‘ಕ್ಲೋಟಾ’ ಇಂದಿನ ಕ್ಲೈಡ್, ‘ದೇವಾ’ ಇಂದಿನ ಡೀ. ದೇವಾ ಎಂದರೆ ಆ ಹಳೆಯ ಕೆಲ್ಟಿಕ್ ಭಾಷೆಯಲ್ಲಿ ದೇವತೆ. ನಮಗೆ ಸಂಸ್ಕೃತದಿಂದ ಬಂದಿರುವ ದೇವ, ದೇವಿ ಶಬ್ದಗಳೂ ಅದೇ ಬೇರಿನವು. ನದಿಯನ್ನು ದೇವಿ ಎಂದು ಕರೆಯುವುದು ನಮ್ಮ ಕಡೆಯ ರೂಢಿ ಮಾತ್ರ ಅಂದುಕೊಂಡಿದ್ದೆ. ಅಬರ್ಡೀನಿನ ಸೇತುವೆಯ ಮೇಲೆ ನಿಂತು, ಕೆಳಗೆ ಹರಿಯುವ ತಣ್ಣಗಿನ ಕಂದು ನೀರನ್ನು ನೋಡುತ್ತ, ಇದರ ಹೆಸರೂ ದೇವಿ ಎಂದು ನೆನೆದಾಗ ಮೈ ಜುಮ್ಮೆಂದಿತು.

ಅದರ ಮೇಲಿನ ಪದರ ಇಂದಿನ ವೇಲ್ಸ್ ಭಾಷೆಗೆ ಹತ್ತಿರದ ಮಾತುಗಳದು. ಪೂರ್ವ ಮತ್ತು ಉತ್ತರದ ಪಿಕ್ಟ್ ಜನರ ಮಾತೂ ಇದರಲ್ಲಿ ಸೇರಿದೆ. ‘ಅಬರ್’ ಎಂದರೆ ಹೊಳೆ ಇನ್ನೊಂದು ಹೊಳೆಗೋ ಕಡಲಿಗೋ ಸೇರುವ ಬಾಯಿ. ಅಬರ್ಡೀನ್, ಅಬರ್‌ಫೆಲ್ಡಿ, ಅಬರ್‌ನೆಥಿ ಹೀಗೆ ಹುಟ್ಟಿದವು. ‘ಪಿಟ್’ ಎಂದು ಶುರುವಾಗುವ ಊರುಗಳು ಪೂರ್ವದ ಕಡೆ 300ಕ್ಕೂ ಹೆಚ್ಚಿವೆ. ಇಂಗ್ಲಿಷ್ ಓದಿದವರಿಗೆ ಇದು ಗುಂಡಿ ಅನಿಸುತ್ತದೆ. ಆದರೆ ಇದು ಪಿಕ್ಟರ ಪದ. ಅರ್ಥ ಪಾಲು, ಒಂದು ಒಕ್ಕಲಿಗೆ ಹಂಚಿಕೊಟ್ಟ ಭೂಮಿ. ಪಿಕ್ಟರು ಬರೆದಿಟ್ಟ ಒಂದು ಪುಟ ಗದ್ಯವೂ ನಮಗೆ ಸಿಕ್ಕಿಲ್ಲ. ಆದರೆ ಅವರು ಹೊಲ ಹಂಚಿಕೊಂಡದ್ದು ಊರುಗಳ ಹೆಸರಿನಲ್ಲಿ ಉಳಿದುಕೊಂಡಿದೆ.

ಆಮೇಲೆ ಐರ್ಲೆಂಡಿನ ಕಡೆಯಿಂದ ಪಶ್ಚಿಮ ತೀರಕ್ಕೆ ಬಂದು ಇಡೀ ನಾಡಿಗೆ ಹಬ್ಬಿದ ಗೇಲಿಕ್. ದ್ವೀಪ ಮತ್ತು ಕರಾವಳಿಗಳಲ್ಲಿ ನಾರ್ವೆಯವರ ನಾರ್ಸ್. ಆಗ್ನೇಯದಿಂದ ಮೇಲೇರಿದ ಇಂಗ್ಲಿಷಿನ ಸೋದರ ಭಾಷೆ ಸ್ಕಾಟ್ಸ್. ಇವು ಒಂದರ ಮೇಲೊಂದು ಬಿದ್ದಾಗ ತಮಾಷೆಯೂ ಆಗುತ್ತದೆ. ಮಲ್ ಎಂಬ ದ್ವೀಪದಲ್ಲಿ ಒಂದು ಅಬ್ಬಿಯಿದೆ. ನಾರ್ಸ್ ಜನ ಅದನ್ನು ‘ಫೋರ್ಸ್’ ಎಂದರು, ಅಂದರೆ ಅಬ್ಬಿ. ಅರ್ಥ ಮರೆತ ಮೇಲೆ ಗೇಲಿಕ್ ಜನ ಅದಕ್ಕೆ ‘ಎಸ್’ ಸೇರಿಸಿದರು, ಅದೂ ಅಬ್ಬಿಯೇ. ಈಗ ಪ್ರವಾಸಿಗಳು ‘ಎಸ್ ಫೋರ್ಸ್ ವಾಟರ್‌ಫಾಲ್’ ಎನ್ನುತ್ತಾರೆ. ಅಬ್ಬಿ ಅಬ್ಬಿ ಅಬ್ಬಿ. ನೀರು ಮಾತ್ರ ಯಾರ ಭಾಷೆಗೂ ಕಾಯದೆ ಬೀಳುತ್ತಿದೆ.

ನನ್ನ ಸಹೋದ್ಯೋಗಿಯ ಕತೆ ಇನ್ನೂ ಚೆನ್ನಾಗಿದೆ. ಅವನ ಲೂಯಿಸ್ ಇರುವ ದ್ವೀಪಮಾಲೆಗೆ ಗೇಲಿಕ್‌ನಲ್ಲಿ ‘ಇನ್ಶೆ ಗೌಲ್’ ಎಂಬ ಹೆಸರಿದೆ. ಅರ್ಥ, ಪರಕೀಯರ ದ್ವೀಪಗಳು. ಅಲ್ಲಿ ನಾರ್ಸ್ ಜನ ಆಳುತ್ತಿದ್ದ ಕಾಲದಲ್ಲಿ ಈಚೆ ದಡದ ಗೇಲಿಕ್ ಜನ ಇಟ್ಟ ಹೆಸರು. ಇವತ್ತು ಗೇಲಿಕ್ ಅತಿ ಹೆಚ್ಚು ಉಳಿದಿರುವುದು ಆ ಪರಕೀಯರ ದ್ವೀಪಗಳಲ್ಲೇ. “ನಮ್ಮ ಭಾಷೆ ನಮ್ಮನ್ನೇ ಹೊರಗಿನವರು ಅನ್ನುತ್ತೆ, ನಾವೇ ಅದನ್ನ ಕಾಯ್ತಾ ಇದ್ದೀವಿ” ಎಂದು ಅವನು ನಗುತ್ತಿದ್ದ. ಹೊರನಾಡಿನಲ್ಲಿ ಕನ್ನಡದ ಪತ್ರಿಕೆ ನಡೆಸುವ, ಓದುವ ನಮಗೆ ಈ ಮಾತಿನ ರುಚಿ ಬೇಗ ಹತ್ತುತ್ತದೆ.

ಗೇಲಿಕ್ ಹೆಸರುಗಳನ್ನು ಓದಲು ಕಲಿಯುತ್ತ ಹೋದಂತೆ ನನಗೆ ಆಶ್ಚರ್ಯವಾದದ್ದು ಅವುಗಳ ನಿಖರತೆ. ಬೆಟ್ಟಕ್ಕೆ ಅಲ್ಲಿ ಒಂದೇ ಪದವಿಲ್ಲ. ದೊಡ್ಡದಾದರೆ ‘ಬೆನ್’. ಗುಂಡಗೆ ಉಂಡೆಯ ಹಾಗಿದ್ದರೆ ‘ಮ್ಯಾಲ್’. ಚೂಪು ಬಂಡೆಯ ಶಿಖರವಾದರೆ ‘ಸ್ಗೂರ್’. ಕಲ್ಲುಗುಡ್ಡೆಯಂತಿದ್ದರೆ ‘ಕಾರ್ನ್’. ಬೋಳು ತಲೆಯದಾದರೆ ‘ಮಲ್’. ಊರ ಪಕ್ಕದ ದಿಬ್ಬ ‘ನಾಕ್’. ಉದ್ದಕ್ಕೆ ಹಾಯ್ದ ದಿಣ್ಣೆ ‘ಡ್ರಮ್’, ಅಂದರೆ ಬೆನ್ನು. ಮೈಯ ಭಾಗಗಳೆಲ್ಲ ಬೆಟ್ಟದ ಮೇಲಿವೆ: ತಲೆ, ಮೂಗು, ಹೆಗಲು, ಎದೆ. ಕಿನ್‌ಟೈರ್ ಎಂದರೆ ‘ನೆಲದ ತಲೆ’. ಒಂದು ಶಿಖರಕ್ಕೆ ಇಂಗ್ಲಿಷಿನಲ್ಲಿ ‘ಡೆವಿಲ್ಸ್ ಪಾಯಿಂಟ್’ ಎಂಬ ಮರ್ಯಾದೆಯ ಹೆಸರಿದೆ. ಗೇಲಿಕ್ ಹೆಸರಿನಲ್ಲಿರುವುದು ದೆವ್ವದ ಗಂಡಸುತನದ ಅಂಗ. ರಾಣಿ ವಿಕ್ಟೋರಿಯಾ ಅರ್ಥ ಕೇಳಿದಾಗ ಜೊತೆಗಿದ್ದ ಸೇವಕ ಮುಜುಗರಪಟ್ಟು ಹೀಗೆ ಅನುವಾದಿಸಿದ ಎಂಬ ಕತೆ ಆ ಕಡೆ ಪ್ರಚಲಿತದಲ್ಲಿದೆ.

ಬಣ್ಣದ ವಿಷಯ ಕೇಳಿ. ಪೂರ್ವದ ದೊಡ್ಡ ಪರ್ವತಶ್ರೇಣಿಯನ್ನು ಜಗತ್ತು ಕೇರ್ನ್‌ಗಾರ್ಮ್ಸ್ ಎಂದು ಕರೆಯುತ್ತದೆ. ಕೇರ್ನ್‌ಗಾರ್ಮ್ ಎಂದರೆ ನೀಲಿ ಗುಡ್ಡ. ಅದು ಸ್ಪೇ ನದಿಯ ಕಣಿವೆಯಿಂದ ಎದ್ದು ಕಾಣುವ ಒಂದೇ ಒಂದು ಶಿಖರದ ಹೆಸರು. ಹೊರಗಿನಿಂದ ಬಂದವರು ಅದನ್ನೇ ಇಡೀ ಶ್ರೇಣಿಗೆ ಹೊದಿಸಿದರು. ಆದರೆ ಶ್ರೇಣಿಗೆ ಗೇಲಿಕ್ ಜನರ ಹೆಸರು ‘ಅಮ್ ಮೊನಗ್ ರುವಗ್’, ಕೆಂಪು ಬೆಟ್ಟಗಳು. ಸ್ಪೇ ನದಿಯ ಆಚೆ ಬದಿಯ ಬೆಟ್ಟಗಳು ‘ಮೊನಗ್ ಲಿಯ’, ಬೂದು ಬೆಟ್ಟಗಳು. ಅಲ್ಲಿಯ ಗ್ರಾನೈಟ್ ಕಲ್ಲು ಹತ್ತಿರದಿಂದ ನೋಡಿದರೆ ನಸುಗೆಂಪು. ದೂರದಿಂದ ಎಲ್ಲ ಬೆಟ್ಟವೂ ನೀಲಿ ತಾನೇ? ಈಚೆ ಕೆಂಪು, ಆಚೆ ಬೂದು ಎಂದು ಎರಡು ಬೆಟ್ಟಸಾಲುಗಳನ್ನು ಬೇರೆ ಮಾಡಿ ಕರೆದವರು ಅಲ್ಲಿಯ ಕಲ್ಲನ್ನು ಬಲ್ಲವರು.

ಕಾಡು ಹೋದರೂ ಕಾಡಿನ ಹೆಸರು ಇರುತ್ತದೆ. ಕಿಂಗ್ಯೂಸಿ ಎಂಬ ರೈಲು ನಿಲ್ದಾಣದಲ್ಲಿ ಇಳಿದರೆ ನೀವಿರುವುದು ‘ಪೈನ್ ಕಾಡಿನ ತಲೆ’ಯಲ್ಲಿ. ಕಿನ್‌ಟೈರಿನ ಒಂದು ಬೆಟ್ಟಕ್ಕೆ ಕಾಡುಹಂದಿಯ ಹೆಸರಿದೆ. ಆ ಹಂದಿಗಳು ನಾಡಿನಿಂದ ಅಳಿದು ಶತಮಾನಗಳಾದವು. ಆಕ್‌ನಶೀನ್ ಎಂದರೆ ಬಿರುಗಾಳಿಯ ಹೊಲ. ನಾನು ಅಲ್ಲಿ ರೈಲಿಗೆ ಕಾದ ಮುಕ್ಕಾಲು ಗಂಟೆಯಲ್ಲಿ ಹೆಸರಿನ ಬಗ್ಗೆ ಯಾವ ಅನುಮಾನವೂ ಉಳಿಯಲಿಲ್ಲ.

ಇವು ಅಂದಚಂದಕ್ಕೆ ಇಟ್ಟ ಹೆಸರುಗಳಲ್ಲ, ಕೆಲಸಕ್ಕೆ ಇಟ್ಟವು. ಪಶ್ಚಿಮ ತೀರದಲ್ಲಿ ಟಾರ್ಬರ್ಟ್ ಅಥವಾ ಟಾರ್ಬೆಟ್ ಎಂಬ ಊರುಗಳು ಒಂದಲ್ಲ, ಹಲವಿವೆ. ಎಲ್ಲವೂ ಎರಡು ನೀರಿನ ನಡುವಿನ ಸಣ್ಣ ನೆಲಪಟ್ಟಿಯ ಮೇಲಿವೆ. ಪದದ ಅರ್ಥ ‘ಹೊತ್ತು ದಾಟಿಸುವುದು’. ಇಡೀ ಭೂಶಿರ ಸುತ್ತಿಕೊಂಡು ಹೋಗುವ ಬದಲು ಇಲ್ಲಿ ದೋಣಿಯನ್ನು ನೆಲಕ್ಕೆಳೆದು ಆಚೆ ನೀರಿಗಿಳಿಸು ಎಂಬ ಸೂಚನೆ ಆ ಹೆಸರಿನೊಳಗೇ ಇದೆ. 1098ರಲ್ಲಿ ನಾರ್ವೆಯ ದೊರೆ ಮ್ಯಾಗ್ನಸ್‌ನಿಗೆ ಹಡಗು ಸುತ್ತಬಲ್ಲ ದ್ವೀಪಗಳೆಲ್ಲ ಅವನವು ಎಂದು ಸ್ಕಾಟ್ ದೊರೆ ಒಪ್ಪಿಕೊಂಡನಂತೆ. ಮ್ಯಾಗ್ನಸ್ ಕಿನ್‌ಟೈರಿನ ಟಾರ್ಬರ್ಟ್‌ನಲ್ಲಿ ಹಡಗನ್ನು ನೆಲದ ಮೇಲೆ ಎಳೆಸಿ, ತಾನು ಚುಕ್ಕಾಣಿ ಹಿಡಿದು ಕೂತು, ಕಿನ್‌ಟೈರೂ ದ್ವೀಪವೇ ಎಂದು ದಾವೆ ಹೂಡಿದ ಕತೆಯನ್ನು ನಾರ್ಸ್ ಸಾಗಾಗಳು ಹೇಳುತ್ತವೆ. 1263ರಲ್ಲಿ ಹಾಕನ್ ದೊರೆಯ ನೌಕಾಪಡೆಯ ಒಂದು ಭಾಗ ಟಾರ್ಬೆಟ್ ಬಳಿ ಹಡಗುಗಳನ್ನು ದಾಟಿಸಿ ಒಳನಾಡಿನ ಲಾಖ್ ಲೋಮಂಡ್ ಸರೋವರಕ್ಕೆ ಇಳಿಸಿ ದಡದ ಊರುಗಳನ್ನು ಸುಲಿಯಿತು. ನಕಾಶೆ ಇಲ್ಲದ ಕಾಲದಲ್ಲಿ ಹೆಸರೇ ನಕಾಶೆ.

ಹಾಗೆಯೇ ‘ಆರಿ’ ಎಂಬ ಪದ ಬೆಟ್ಟದ ಮೇಲೆ ಎಲ್ಲೆಲ್ಲೂ ಸಿಗುತ್ತದೆ. ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲೇ ಗುಡಿಸಲು ಹಾಕಿ, ಬೆಣ್ಣೆ-ಗಿಣ್ಣು ಮಾಡುತ್ತಿದ್ದ ಜಾಗ ಅದು. ಹೆಚ್ಚಾಗಿ ಹೆಂಗಸರು, ಮಕ್ಕಳು ಹೋಗಿ ಇರುತ್ತಿದ್ದರು. ಈಗ ಅಲ್ಲಿ ಕಲ್ಲಿನ ಕುರುಹು ಬಿಟ್ಟರೆ ಏನೂ ಇಲ್ಲ. ಆದರೆ ನಿರ್ಜನ ಬೆಟ್ಟದ ನೆತ್ತಿಯಲ್ಲಿ ಆ ಪದ ಕಂಡರೆ, ಇಲ್ಲೊಂದು ಕಾಲಕ್ಕೆ ಹಾಲು ಕರೆಯುತ್ತಿದ್ದರು ಎಂದು ತಿಳಿಯಬಹುದು.

ಹಾಗಾದರೆ ಈ ಹೆಸರುಗಳು ಕಾಗದಕ್ಕೆ ಹೇಗೆ ಬಂದವು? 1746ರಲ್ಲಿ ಕಲೋಡನ್ ಕಾಳಗದಲ್ಲಿ ಹೈಲ್ಯಾಂಡಿನ ಬಂಡಾಯ ಮುರಿದ ಮೇಲೆ, ಸೈನ್ಯಕ್ಕೆ ದಾರಿ ಬೇಕಾಗಿ, 1747ರಿಂದ 1755ರವರೆಗೆ ವಿಲಿಯಂ ರಾಯ್ ಎಂಬಾತ ಮುಂದೆ ನಿಂತು ಸ್ಕಾಟ್ಲೆಂಡಿನ ಮುಖ್ಯ ನೆಲದ ನಕಾಶೆ ಮಾಡಿಸಿದ. ಮುಂದಿನ ಶತಮಾನದಲ್ಲಿ ಸರಕಾರಿ ಆರ್ಡ್‌ನನ್ಸ್ ಸರ್ವೆ ಒಂದೊಂದು ಹಳ್ಳ, ಒಂದೊಂದು ಬಂಡೆಯ ಹೆಸರನ್ನೂ ದಾಖಲಿಸಿತು. ಆ ‘ನೇಮ್ ಬುಕ್’ಗಳನ್ನು ಈಗ ಮನೆಯಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಓದಬಹುದು. ಒಂದು ಕಾಲಂನಲ್ಲಿ ಹೆಸರು, ಮುಂದಿನದರಲ್ಲಿ ಬೇರೆ ಬೇರೆ ಕಾಗುಣಿತ, ಆಮೇಲೆ ಆ ಕಾಗುಣಿತಕ್ಕೆ ಸಾಕ್ಷಿ ಯಾರು, ಕೊನೆಗೆ ಜಾಗದ ವಿವರಣೆ. ನನ್ನ ಕಸುಬಿನವರಿಗೆ ಇಷ್ಟು ಅಚ್ಚುಕಟ್ಟಾದ ಕೋಷ್ಟಕ ಕಂಡರೆ ಸಂತೋಷವೇ ಆಗುತ್ತದೆ.

ಸಾಕ್ಷಿಯ ಕಾಲಂ ಓದತೊಡಗಿದಾಗ ಮಾತ್ರ ಆ ಸಂತೋಷ ಇಳಿಯುತ್ತದೆ. ಅಲ್ಲಿ ಮತ್ತೆ ಮತ್ತೆ ಬರುವವರು ಜಮೀನ್ದಾರ, ಅವನ ಕಾರಭಾರಿ, ಪಾದ್ರಿ, ಶಾಲಾ ಮಾಸ್ತರ. ಸರ್ವೆಯವರಿಗೆ ಕೊಟ್ಟ ಲಿಖಿತ ಸೂಚನೆಯಲ್ಲೇ ಯಾರ ಮಾತನ್ನು ಮೊದಲು ನಂಬಬೇಕು ಎಂಬ ಅನುಕ್ರಮವಿತ್ತು. ಸಣ್ಣ ಹಿಡುವಳಿದಾರರನ್ನೂ ಗುಡಿಸಲ ವಾಸಿಗಳನ್ನೂ, ಅವರು ವಾಸಿಸುವ ಜಾಗದ ಹೆಸರಿನ ವಿಷಯದಲ್ಲಿಯೂ, ನೆಚ್ಚಿಕೊಳ್ಳಬಾರದು ಎಂದೂ ಇತ್ತು. ಕಾಗುಣಿತ ಬಾರದವರು ಎಂಬುದು ಕಾರಣ. ಅಳೆಯಲು ಹೋದ ಸೈನಿಕರಲ್ಲಿ ಬಹುಪಾಲು ಜನಕ್ಕೆ ಗೇಲಿಕ್ ಬರುತ್ತಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಅವರು ಬರೆದುಕೊಳ್ಳದೇ ಹೋಗಿದ್ದರೆ ಸಾವಿರಾರು ಹೆಸರುಗಳು ಇವತ್ತು ಇರುತ್ತಲೇ ಇರಲಿಲ್ಲ. ಆದರೆ ಹುಲ್ಲು ಕೊಯ್ದವಳ, ದೋಣಿ ಎಳೆದವನ ಹೆಸರಿಗೆ ರುಜು ಹಾಕಿದವರು ಹುಲ್ಲನ್ನೂ ದೋಣಿಯನ್ನೂ ಮುಟ್ಟದವರು.

ಇದನ್ನೆಲ್ಲ ಒಂದೇ ಕಡೆ ನೋಡಬೇಕೆಂದು, ವಾಪಸಾಗುವ ಮುಂಚಿನ ವಾರ ಕಾರೊಂದನ್ನು ಬಾಡಿಗೆಗೆ ಹಿಡಿದು ಸದರ್‌ಲೆಂಡಿಗೇ ಹೋದೆ. ಸ್ಟ್ರಾತ್‌ನೇವರ್ ಎಂಬ ಕಣಿವೆ ಅಲ್ಲಿದೆ. ನೇವರ್ ನದಿ ತನ್ನ ಸರೋವರದಿಂದ ಹೊರಟು ಸುಮಾರು 30 ಕಿಲೋಮೀಟರ್ ಉತ್ತರಕ್ಕೆ ಹರಿದು ಕಡಲು ಸೇರುತ್ತದೆ. ನದಿಯ ಹೆಸರು ಟಾಲೆಮಿಯಲ್ಲೇ ಇದೆ, ‘ನಬಾರೋಸ್’ ಎಂದು. ‘ಸ್ಟ್ರಾತ್’ ಎಂದರೆ ಗೇಲಿಕ್‌ನಲ್ಲಿ ಅಗಲವಾದ ನದಿ ಬಯಲು. ಒಂದೇ ಗಾಡಿ ಹಿಡಿಸುವ ರಸ್ತೆಯಲ್ಲಿ ಸರೋವರದ ಬದಿಯಿಂದ ಹೊರಟರೆ ಮೊದಲು ಗ್ರಮ್‌ಮೋರ್, ಆಮೇಲೆ ಗ್ರಮ್‌ಬೆಗ್. ‘ಮೋರ್’ ದೊಡ್ಡದು, ‘ಬೆಗ್’ ಚಿಕ್ಕದು. ಸರೋವರ ಮುಗಿಯುವಲ್ಲಿ ಆಕ್‌ನೆಸ್, ಅಬ್ಬಿಯ ಹೊಲ. ಮುಂದೆ ರೋಸಲ್, ನಾರ್ಸ್ ಭಾಷೆಯಲ್ಲಿ ಕುದುರೆಗಳ ಬಯಲು. ಲ್ಯಾಂಗ್‌ಡೇಲ್, ಉದ್ದ ಕಣಿವೆ. ಸ್ಕೇಲ್, ಹಜಾರದ ಮನೆ. ಮೂರು ಕಾಲದ ಜನ ಒಂದೇ ಕಣಿವೆಯಲ್ಲಿ, ಒಬ್ಬರ ಹೆಸರನ್ನು ಇನ್ನೊಬ್ಬರು ಅಳಿಸದೆ, ಬಾಳಿ ಹೋಗಿದ್ದಾರೆ. ರೋಸಲ್ ಎಂದು ಕರೆದ ಕುದುರೆಯವರ ಭಾಷೆ ಸತ್ತ ಮೇಲೂ ಗೇಲಿಕ್ ಜನ ಆ ಹೆಸರನ್ನು ನೂರಾರು ವರ್ಷ ಬಾಯಲ್ಲಿ ಉಳಿಸಿಕೊಂಡಿದ್ದರು.

ಈಗ ಅಲ್ಲಿ ಊರುಗಳಿಲ್ಲ. ಸದರ್‌ಲೆಂಡಿನ ಒಡತಿ ಕೌಂಟೆಸ್ ಎಲಿಜಬೆತ್ ಮತ್ತು ಅವಳ ಗಂಡನ ಜಮೀನ್ದಾರಿ, ಕುರಿ ಸಾಕಣೆಯಲ್ಲಿ ಹೆಚ್ಚು ಗೇಣಿ ಬರುತ್ತದೆಂದು, 1807ರಿಂದ 1821ರ ನಡುವೆ ಒಳನಾಡಿನ ಕಣಿವೆಗಳಿಂದ ಸಾವಿರಾರು ಜನರನ್ನು ಎಬ್ಬಿಸಿತು. ಸ್ಟ್ರಾತ್‌ನೇವರ್‌ನಲ್ಲಿ 1814ರಲ್ಲೂ 1819ರಲ್ಲೂ ದೊಡ್ಡ ಪ್ರಮಾಣದಲ್ಲಿ ಒಕ್ಕಲೆಬ್ಬಿಸಿದರು. ಜನ ಮರಳಿ ಬಾರದಂತೆ ಮನೆಯ ಮಾಡಿನ ಮರಗಳಿಗೆ ಬೆಂಕಿಯಿಟ್ಟರು. ಈ ಕೆಲಸ ನಡೆಸಿದ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್ ಮೇಲೆ 1816ರಲ್ಲಿ ಇನ್ವರ್‌ನೆಸ್‌ನಲ್ಲಿ ವಿಚಾರಣೆ ನಡೆದು, ನಿರ್ದೋಷಿ ಎಂದು ತೀರ್ಪಾಯಿತು. ರೋಸಲ್ ಕೂಡ ಆ ವರ್ಷಗಳಲ್ಲೇ ಬರಿದಾಯಿತು. 1962ರಲ್ಲಿ ಪುರಾತತ್ವದವರು ಬಂದು ಅದರ ಪಾಯಗಳನ್ನು ಅಗೆದು ಅಳೆದರು. ನಾನು ಹೋದಾಗ ಸುತ್ತ ನೆಡುತೋಪಿನ ಮರಗಳು, ನಡುವೆ ಹುಲ್ಲು, ಹುಲ್ಲಿನಲ್ಲಿ ಮೊಣಕಾಲೆತ್ತರದ ಕಲ್ಲಿನ ಸಾಲುಗಳು. ಮನೆ ಇದು, ಕೊಟ್ಟಿಗೆ ಇದು, ಕಾಳು ಒಣಗಿಸುವ ಒಲೆ ಇದು ಎಂದು ಫಲಕಗಳಿದ್ದವು. ಒಂದೂವರೆ ಗಂಟೆಯಲ್ಲಿ ಒಬ್ಬರೂ ಎದುರಾಗಲಿಲ್ಲ. ಕುದುರೆಗಳ ಬಯಲಿನಲ್ಲಿ ಕುದುರೆಯೂ ಇಲ್ಲ, ಆ ಹೆಸರನ್ನು ಊರಿನ ಬಾಯಿಯಲ್ಲಿ ಹೇಳುವವರೂ ಇಲ್ಲ. ನನ್ನ ಕೈಯಲ್ಲಿದ್ದ ಮ್ಯಾಪಿನಲ್ಲಿ ಮಾತ್ರ ಅದು ಓರೆ ಅಕ್ಷರಗಳಲ್ಲಿ ಇತ್ತು.

ಎಬ್ಬಿಸಿದವರಲ್ಲಿ ಅನೇಕರಿಗೆ ಕಡಲ ದಂಡೆಯ ಕಲ್ಲುನೆಲದಲ್ಲಿ ಚೂರುಪಾರು ಜಾಗ ಕೊಟ್ಟರು. ಬೇಸಾಯ ಬಲ್ಲವರು ಮೀನು ಹಿಡಿಯಲು ಕಲಿಯಬೇಕಾಯಿತು. ಕಣಿವೆಯ ಬಾಯಲ್ಲಿ ಹೀಗೆ ಎದ್ದ ಊರಿನ ಹೆಸರು ಬೆಟ್ಟಿಹಿಲ್. ಬೆಟ್ಟಿ ಎಂದರೆ ಎಲಿಜಬೆತ್, ಅದೇ ಕೌಂಟೆಸ್. ಅದೇ ಜಾಗಕ್ಕೆ ಗೇಲಿಕ್‌ನಲ್ಲಿ ‘ಅಮ್ ಬ್ಲಾರನ್ ಓಅರ್’ ಎನ್ನುತ್ತಾರೆ. ಅರ್ಥ, ಮಾಸಲು ಕಂದು ಬಣ್ಣದ ಪುಟ್ಟ ಬಯಲು.

ಈ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು, ಅಲ್ಲಿ ನಿಂತು ಹುಲ್ಲಿನ ಬಣ್ಣ ನೋಡಿದವರು ಕರೆದದ್ದು. ಇನ್ನೊಂದು, ನೆಲ ಯಾರ ಖಾತೆಯಲ್ಲಿದೆ ಎಂದು ಹೇಳುವುದು. ಸ್ಟ್ರಾತ್‌ನೇವರ್‌ನ ಎಲ್ಲ ಪದರಗಳಲ್ಲಿ, ನೆಲವನ್ನು ನೋಡದೆ ಒಡೆತನವನ್ನು ಮಾತ್ರ ನೋಡಿ ಇಟ್ಟ ಹೆಸರು ನನಗೆ ಸಿಕ್ಕಿದ್ದು ಇದೊಂದೇ.

ಗೇಲಿಕ್ ಆಡುವವರ ಸಂಖ್ಯೆ 1891ರ ಜನಗಣತಿಯಲ್ಲಿ ಎರಡೂವರೆ ಲಕ್ಷದ ಮೇಲಿತ್ತು. 2022ರಲ್ಲಿ, ಆಡುವುದು, ಓದುವುದು, ಕೇಳಿದರೆ ತಿಳಿಯುವುದು, ಏನಾದರೊಂದು ಬರುತ್ತದೆ ಎಂದವರನ್ನೆಲ್ಲ ಸೇರಿಸಿದರೂ ಸುಮಾರು 1.3 ಲಕ್ಷ, ನೂರಕ್ಕೆ 2.5. ಹೀಗಿರುವಾಗ ಹೆಸರಿನ ಅರ್ಥವನ್ನು ಉಳಿಸಿಕೊಟ್ಟವರಲ್ಲಿ ಡಬ್ಲ್ಯು. ಜೆ. ವಾಟ್ಸನ್ ದೊಡ್ಡವರು. ಈಸ್ಟರ್ ರಾಸ್ ಸೀಮೆಯಲ್ಲಿ ಗೇಲಿಕ್ ಆಡುತ್ತ ಬೆಳೆದು, ಮಾಸ್ತರರಾಗಿ, ಮುಂದೆ ಎಡಿನ್‌ಬರೋದಲ್ಲಿ ಕೆಲ್ಟಿಕ್ ಪ್ರಾಧ್ಯಾಪಕರಾದವರು. 1904ರಲ್ಲಿ ತಮ್ಮ ಸೀಮೆಯ ಹೆಸರುಗಳ ಪುಸ್ತಕವನ್ನೂ 1926ರಲ್ಲಿ ಸ್ಕಾಟ್ಲೆಂಡಿನ ಕೆಲ್ಟಿಕ್ ಸ್ಥಳನಾಮಗಳ ಇತಿಹಾಸವನ್ನೂ ಪ್ರಕಟಿಸಿದರು. ಅವರ ದಾರಿ ಎರಡು ಕಾಲಿನದು: ಹಳೆಯ ದಾಖಲೆಗಳಲ್ಲಿ ಹೆಸರು ಹೇಗೆ ಬರೆದಿದೆ ನೋಡಬೇಕು, ಊರಿನ ಮುದುಕರು ಅದನ್ನು ಹೇಗೆ ಉಚ್ಚರಿಸುತ್ತಾರೆ ಕೇಳಬೇಕು. ಎರಡೂ ಇಲ್ಲದೆ ಅರ್ಥ ಊಹಿಸಿದರೆ ಮೋಸ ಹೋಗುತ್ತೇವೆ. ಉಲ್ಲಾಪೂಲ್‌ನಲ್ಲಿ ಇಂಗ್ಲಿಷಿನ ‘ಪೂಲ್’ ಇಲ್ಲ. ಅದು ನಾರ್ಸ್ ಒಕ್ಕಲುಮನೆ. ಕರ್ಕಾಡಿ ಪಟ್ಟಣದ ಹೆಸರಿನಲ್ಲಿ ‘ಕರ್ಕ್’, ಅಂದರೆ ಚರ್ಚು, ಇದ್ದಂತೆ ಕಾಣುತ್ತದೆ. ಹಳೆಯ ಬರಹ ನೋಡಿದರೆ ಇರುವುದು ಕೋಟೆ. ನಮ್ಮಲ್ಲಿ ಶಂ.ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕತೆ’ಯಲ್ಲಿ ಊರಿನ ಹೆಸರುಗಳನ್ನು ಇತಿಹಾಸದ ಸಾಕ್ಷಿಕಟ್ಟೆಗೆ ಕರೆದರಲ್ಲ, ಪುಣೆಗೆ ಮರಳಿದ ಮೇಲೆ ಅದನ್ನು ಹುಡುಕಿ ಓದಿದೆ.

ಈಗ ಈ ಲೇಖನ ಬರೆಯಲು ಕಾರಣವಾದ ಸಂಗತಿ ಹೇಳಿ ಮುಗಿಸುತ್ತೇನೆ. ಹಾವೇರಿ ಜಿಲ್ಲೆಯಲ್ಲಿ ನಮ್ಮದೊಂದಿಷ್ಟು ಜಮೀನಿದೆ. ಅಪ್ಪನಿಂದ ಇನ್ನು ಮೇಲೆ ಆಗುವುದಿಲ್ಲ, ಅಣ್ಣ ಹುಬ್ಬಳ್ಳಿಯಲ್ಲಿ, ನಾನು ಇಲ್ಲಿ. ಮಾರೋಣ ಎಂದು ಮಾತಾಗಿದೆ. ಕಾಗದಪತ್ರ ತರಿಸಿ ನೋಡಿದರೆ ಅದರಲ್ಲಿ ಇರುವುದು ಸರ್ವೆ ನಂಬರ್, ಹಿಸ್ಸಾ, ಎಕರೆ, ಗುಂಟೆ. ಯಾವ ನಂಬರ್ ಯಾವ ಹೊಲ ಎಂದು ನನಗೆ ತಿಳಿಯಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ.

“ಅದು ತೆಂಕ್ಲ ಹೊಲ.”

“ಅದು ಊರಿನ ಬಡಗಣಕ್ಕ ಐತೆಲ್ಲಪ್ಪ?”

“ಈಗಿನ ಊರಿಗೆ ಬಡಗಣಕ್ಕ. ಮೊದ್ಲ ಊರು ಹಾಳೂರದಾಗ ಇತ್ತು. ಪ್ಲೇಗ್ ಬಂದಾಗ ಎದ್ದು ಇತ್ಲಾಗ ಬಂದಾರ. ಅಲ್ಲಿ ನಿಂತ್ರ ಅದು ತೆಂಕ್ಲಾನ.”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ನೋಟ್‌ಬುಕ್ ತೆಗೆದುಕೊಂಡು ಉಳಿದವನ್ನೂ ಕೇಳಿದೆ. ಎರಿ ಹೊಲ, ಮಡ್ಡಿ ಹೊಲ, ಬಾರಿಗಿಡದ ಪಟ್ಟಿ, ಹಳ್ಳದ ದಂಡಿ. ಬಾರಿಗಿಡ ನಾನು ಹುಟ್ಟುವ ಮುಂಚೆಯೇ ಒಣಗಿತ್ತಂತೆ. ಒಟ್ಟು ಹದಿನಾಲ್ಕು ಹೆಸರುಗಳಾದವು. ಒಂದೊಂದರ ಎದುರಿಗೂ ಸರ್ವೆ ನಂಬರ್ ಬರೆದು, ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ ಸಾಕ್ಷಿ ಎಂದು ಅಪ್ಪನ ಹೆಸರು ಬರೆದೆ. ಜಮೀನು ಮಾರುತ್ತೇವೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಮಾರಿದರೆ, ಕೊಳ್ಳುವವರ ಕೈಗೆ ಈ ಪಟ್ಟಿಯ ಒಂದು ಪ್ರತಿಯನ್ನೂ ಕೊಡಬೇಕೆಂದಿದ್ದೇನೆ.

“ಬರ್ಕೊಂಡ್ಯಲ್ಲ, ಒಮ್ಮೆ ಓದಿ ಹೇಳು ನೋಡೂಣು” ಅಂದರು ಅಪ್ಪ. ಓದಿದೆ. ಎರಡು ಹೆಸರು ತಪ್ಪು ಬರೆದುಕೊಂಡಿದ್ದೆ, ತಿದ್ದಿಸಿದರು.